ಮಲಗಿರುವ ಎಚ್‌ಐವಿಯನ್ನು ಎಬ್ಬಿಸಿದರೆ ಸಾಕೇ?

ಎಚ್‌ಐವಿ ಸೋಂಕಿತರಿಗೆ ಎಆರ್‌ಟಿ (ವೈರಸ್ ತಡೆಯುವ ಚಿಕಿತ್ಸೆ) ಕೇಂದ್ರದಲ್ಲಿ ಕೊಡುವ ಟಿಎಲ್‌ಡಿ ಮಾತ್ರೆಯಲ್ಲಿ ಮೂರು ಔಷಧಗಳಿವೆ: ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300 ಮಿಲಿಗ್ರಾಂ, ಡೊಲುಟೆಗ್ರಾವಿರ್ 50 ಮಿಲಿಗ್ರಾಂ. ದಿನಕ್ಕೊಂದರಂತೆ ತಪ್ಪದೆ ನುಂಗಿದರೆ ಕೆಲವೇ ತಿಂಗಳಲ್ಲಿ ಹೆಚ್ಚಿನವರ ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗುತ್ತದೆ. ಆ ಸ್ಥಿತಿಯಲ್ಲಿರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಆದರೆ ಹತ್ತು ವರ್ಷ ಹೀಗೆ ಚೆನ್ನಾಗಿದ್ದವರೂ ಮಾತ್ರೆ ನಿಲ್ಲಿಸಿದರೆ, ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲೇ ವೈರಸ್ ಮರಳಿ ಬರುತ್ತದೆ. ಹೊಸ ಸೋಂಕೇನೂ ತಗಲಿರುವುದಿಲ್ಲ. ಹತ್ತು ವರ್ಷವೂ ಅದು ದೇಹದೊಳಗೇ ಇತ್ತು.

ಹೀಗೆ ಸುಪ್ತವಾಗಿ ಕೂತ ವೈರಸ್ಸನ್ನೇ ಗುರಿಯಾಗಿಸುವ ಔಷಧಗಳ ಹುಡುಕಾಟಕ್ಕೆ ಈಗ ಸುಮಾರು ಮೂರು ದಶಕ. ಪತ್ರಿಕೆಗಳಲ್ಲಿ 'ಎಚ್‌ಐವಿಗೆ ಕೊನೆಗೂ ಮದ್ದು' ಎಂಬ ತಲೆಬರಹ ಆಗಾಗ ಬರುವುದು ಈ ಸಂಶೋಧನೆಯಿಂದಲೇ. ಬಹುತೇಕ ಸಲ ಆ ಔಷಧ ನಿಜಕ್ಕೂ ಏನನ್ನೋ ಸಾಧಿಸಿರುತ್ತದೆ. ಸಾಧಿಸಿದ್ದೇನು, ಅದನ್ನು ಅಳೆದದ್ದು ಹೇಗೆ ಎಂಬುದು ಮಾತ್ರ ತಲೆಬರಹದಲ್ಲಿ ಇರುವುದಿಲ್ಲ.

ಮಾತ್ರೆ ಮುಟ್ಟದ ಜಾಗ

ಎಚ್‌ಐವಿ ಒಂದು ಆರ್‌ಎನ್‌ಎ ವೈರಸ್. ರೋಗನಿರೋಧಕ ವ್ಯವಸ್ಥೆಯ ಸಿಡಿ4 ಟಿ ಜೀವಕೋಶದೊಳಗೆ ನುಗ್ಗಿದ ಮೇಲೆ ಅದು ತನ್ನ ಸುಮಾರು 9,700 ಅಕ್ಷರಗಳ ಆರ್‌ಎನ್‌ಎಯನ್ನು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವದಿಂದ ಡಿಎನ್‌ಎ ಆಗಿ ನಕಲು ಮಾಡಿಕೊಳ್ಳುತ್ತದೆ. ಆಮೇಲೆ ಇಂಟಿಗ್ರೇಸ್ ಎಂಬ ಇನ್ನೊಂದು ಕಿಣ್ವ ಆ ಡಿಎನ್‌ಎಯನ್ನು ನಮ್ಮ ವರ್ಣತಂತುವಿನೊಳಗೆ ಸೇರಿಸಿಬಿಡುತ್ತದೆ. ಹೀಗೆ ಸೇರಿಕೊಂಡ ವೈರಸ್ ಡಿಎನ್‌ಎಗೆ ಪ್ರೊವೈರಸ್ ಎನ್ನುತ್ತಾರೆ. ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಮೊದಲ ಕಿಣ್ವವನ್ನು ತಡೆಯುತ್ತವೆ, ಡೊಲುಟೆಗ್ರಾವಿರ್ ಎರಡನೆಯದನ್ನು. ಎಂದರೆ ಮೂರೂ ಔಷಧಗಳು ಹೊಸ ಕೋಶಕ್ಕೆ ಸೋಂಕು ತಗಲದಂತೆ ಕಾಯುತ್ತವೆಯೇ ಹೊರತು, ಪ್ರೊವೈರಸ್ ಈಗಾಗಲೇ ಸೇರಿಕೊಂಡಿರುವ ಕೋಶದಲ್ಲಿ ಅವುಗಳಿಗೆ ತಡೆಯಲು ಏನೂ ಉಳಿದಿರುವುದಿಲ್ಲ.

ಸೋಂಕು ತಗಲಿದ ಬಹುಪಾಲು ಕೋಶಗಳು ವೈರಸ್ ಉತ್ಪಾದಿಸುತ್ತಾ ಒಂದೆರಡು ದಿನಗಳಲ್ಲಿ ಸಾಯುತ್ತವೆ. ಕೆಲವು ಮಾತ್ರ ಸಕ್ರಿಯ ಸ್ಥಿತಿಯಿಂದ ವಿಶ್ರಾಂತ ಸ್ಥಿತಿಗೆ ಮರಳುವ ಹೊತ್ತಿನಲ್ಲಿ ಸೋಂಕಿಗೆ ಸಿಕ್ಕಿರುತ್ತವೆ. ಅವು ಸಾಯದೆ 'ನೆನಪಿನ ಕೋಶ'ಗಳಾಗಿ ಉಳಿಯುತ್ತವೆ. ಹಿಂದೆ ಕಂಡ ರೋಗಾಣುವನ್ನು ವರ್ಷಗಳ ನಂತರ ಗುರುತಿಸಲೆಂದೇ ಇರುವ ಈ ಕೋಶಗಳು ದೀರ್ಘಾಯುಷಿಗಳು. ಕೋಶ ವಿಶ್ರಮಿಸುತ್ತಿರುವಷ್ಟು ಕಾಲ ಒಳಗಿನ ಪ್ರೊವೈರಸ್ಸೂ ಸುಮ್ಮನಿರುತ್ತದೆ. ವೈರಸ್ಸಿನ ಪ್ರೊಟೀನೇ ತಯಾರಾಗದಿದ್ದಾಗ ರೋಗನಿರೋಧಕ ವ್ಯವಸ್ಥೆಗೂ ಅದು ಕಾಣುವುದಿಲ್ಲ.

ಇಂಥ ಕೋಶಗಳು ಚಿಕಿತ್ಸೆಯ ನಡುವೆಯೂ ಉಳಿದಿರುತ್ತವೆಂದು 1997ರಲ್ಲಿ ಅಮೆರಿಕದ ಮೂರು ತಂಡಗಳು ಪ್ರತ್ಯೇಕವಾಗಿ ತೋರಿಸಿದವು. ಸಂಖ್ಯೆ ಬಹಳ ಕಡಿಮೆ: ಪ್ರಯೋಗಾಲಯದಲ್ಲಿ ಬೆಳೆಸಿ ವೈರಸ್ ಹೊರತೆಗೆಯಬಹುದಾದ ಕೋಶ ಹತ್ತು ಲಕ್ಷ ವಿಶ್ರಾಂತ ಸಿಡಿ4 ಕೋಶಗಳಿಗೆ ಸುಮಾರು ಒಂದು. ಸಮಸ್ಯೆ ಇರುವುದು ಅವುಗಳ ಆಯಸ್ಸಿನಲ್ಲಿ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಸಿಲಿಸಿಯಾನೊ ತಂಡ 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಸುಪ್ತ ವೈರಸ್ ಇರುವ ಕೋಶಗಳ ಈ ಸಂಗ್ರಹ ಅರ್ಧಕ್ಕಿಳಿಯಲು ಸರಾಸರಿ 44 ತಿಂಗಳು ಬೇಕು. ಹತ್ತು ಲಕ್ಷ ಕೋಶಗಳ ಸಂಗ್ರಹ ತಾನಾಗಿಯೇ ಬರಿದಾಗಬೇಕಾದರೆ 73 ವರ್ಷಕ್ಕೂ ಹೆಚ್ಚು. ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿದೆ. ಈ ಕೋಶಗಳು ಸಾಯುವುದರ ಜೊತೆಗೆ ವಿಭಜನೆಯೂ ಆಗುತ್ತವೆ, ವಿಭಜನೆಯಾದಾಗ ಒಳಗಿನ ಪ್ರೊವೈರಸ್ಸೂ ನಕಲಾಗುತ್ತದೆ. ಒಂದು ಕೋಶದಿಂದ ಬಂದ ದೊಡ್ಡ ವಂಶಗಳೇ ಚಿಕಿತ್ಸೆಯಲ್ಲಿರುವವರಲ್ಲಿ ಇರುವುದನ್ನು 2014ರಲ್ಲಿ ಎರಡು ಅಧ್ಯಯನಗಳು ತೋರಿಸಿದವು. ಹೀಗೆ ಹೆಚ್ಚುವಾಗ ವೈರಸ್ಸಿನ ಯಾವ ಕಿಣ್ವವೂ ಕೆಲಸ ಮಾಡುತ್ತಿರುವುದಿಲ್ಲ. ಈಗಿರುವ ಮಾತ್ರೆಗಳ ಜೊತೆ ಅದೇ ಬಗೆಯ ನಾಲ್ಕನೆಯದು, ಐದನೆಯದು ಸೇರಿಸಿದರೂ ಸಂಗ್ರಹ ಕುಗ್ಗದಿರುವುದಕ್ಕೆ ಇದೇ ಕಾರಣ.

ಸುಪ್ತಾವಸ್ಥೆಯ ಬೀಗಗಳು

ಬೀಗ ಒಂದೇ ಅಲ್ಲ. ಮುಂದೆ ಬರುವ ಔಷಧಗಳು ಏಕೆ ಅರೆಬರೆ ಕೆಲಸ ಮಾಡಿದವೆಂದು ತಿಳಿಯಲು ಇದನ್ನು ಕೊಂಚ ನಿಧಾನವಾಗಿ ನೋಡಬೇಕು.

ಪ್ರೊವೈರಸ್ಸಿನ ಎರಡೂ ತುದಿಗಳಲ್ಲಿ ಎಲ್‌ಟಿಆರ್ ಎಂಬ ಒಂದೇ ಬಗೆಯ ಭಾಗವಿದೆ. ಮೊದಲ ತುದಿಯ ಎಲ್‌ಟಿಆರ್ ವೈರಸ್ಸಿನ ಪ್ರಚೋದಕ: ಆರ್‌ಎನ್‌ಎ ನಕಲು ಶುರುವಾಗುವುದು ಅಲ್ಲಿಂದ. ಅದು ಕೆಲಸ ಮಾಡಲು ಎನ್‌ಎಫ್-ಕಪ್ಪಾ-ಬಿ ಎಂಬ ಮಾನವ ಪ್ರೊಟೀನ್ ಕೋಶಕೇಂದ್ರಕ್ಕೆ ಬಂದು ಅಲ್ಲಿ ಅಂಟಿಕೊಳ್ಳಬೇಕು. ವಿಶ್ರಾಂತ ಕೋಶದಲ್ಲಿ ಆ ಪ್ರೊಟೀನ್ ಕೋಶಕೇಂದ್ರದ ಹೊರಗೇ ಕಟ್ಟಿಹಾಕಲ್ಪಟ್ಟಿರುತ್ತದೆ. ಇದು ಮೊದಲ ಬೀಗ. ಎರಡನೆಯದು, ಎಲ್‌ಟಿಆರ್ ಸುತ್ತ ಡಿಎನ್‌ಎ ಹಿಸ್ಟೋನ್ ಪ್ರೊಟೀನುಗಳಿಗೆ ಬಿಗಿಯಾಗಿ ಸುತ್ತಿಕೊಂಡಿರುವುದು. ಹಿಸ್ಟೋನ್‌ಗಳ ಮೇಲಿನ ಅಸಿಟೈಲ್ ಗುಂಪುಗಳನ್ನು ಎಚ್‌ಡ್ಯಾಕ್ ಕಿಣ್ವಗಳು ಕಿತ್ತುಹಾಕಿ ಆ ಬಿಗಿಯನ್ನು ಕಾಪಾಡುತ್ತವೆ. ಮೂರನೆಯದು, ನಕಲು ಶುರುವಾದರೂ ಹತ್ತಾರು ಅಕ್ಷರಗಳಾದ ಮೇಲೆ ನಿಂತುಬಿಡುವುದು. ಮುಂದೆ ಸಾಗಲು ಪಿ-ಟೆಫ್-ಬಿ ಎಂಬ ಪ್ರೊಟೀನ್ ಜೋಡಿ ಬೇಕು, ಅದೂ ವಿಶ್ರಾಂತ ಕೋಶದಲ್ಲಿ ಬೇರೆಡೆ ಬಂಧಿಯಾಗಿರುತ್ತದೆ.

ವೈರಸ್ಸಿಗೆ ತನ್ನದೇ ಆದ ಒಂದು ಉಪಾಯವಿದೆ, ಟ್ಯಾಟ್ ಎಂಬ ಸಣ್ಣ ಪ್ರೊಟೀನ್. ಹೇಗೋ ಸ್ವಲ್ಪ ಟ್ಯಾಟ್ ತಯಾರಾಯಿತೆಂದರೆ ಅದು ಪಿ-ಟೆಫ್-ಬಿಯನ್ನು ಸೆಳೆದು ತಂದು ನಕಲನ್ನು ಮುಂದೂಡುತ್ತದೆ. ಅದರಿಂದ ಇನ್ನಷ್ಟು ಟ್ಯಾಟ್ ಬರುತ್ತದೆ, ನಕಲು ಇನ್ನೂ ವೇಗವಾಗುತ್ತದೆ. ಹಾಗಾಗಿ ಪ್ರೊವೈರಸ್ ಒಂದೋ ಬಹುತೇಕ ಆರಿರುತ್ತದೆ, ಇಲ್ಲವೇ ಪೂರ್ತಿ ಉರಿಯುತ್ತಿರುತ್ತದೆ. ನಡುವಿನ ಸ್ಥಿತಿಯಲ್ಲಿ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಚಿಕಿತ್ಸೆಯಲ್ಲಿರುವವರ ಕೋಶಗಳನ್ನೇ ತೆಗೆದು 2018ರಲ್ಲಿ ಪರೀಕ್ಷಿಸಿದಾಗ ಒಂದು ಅಚ್ಚರಿ ಕಾದಿತ್ತು. ನಕಲು ಶುರುವೇ ಆಗಿರುವುದಿಲ್ಲ ಎಂಬ ಊಹೆ ಬಹುಮಟ್ಟಿಗೆ ತಪ್ಪಾಗಿತ್ತು. ಶುರುವಾಗಿ ಅರ್ಧಕ್ಕೆ ನಿಂತ ತುಂಡು ಆರ್‌ಎನ್‌ಎಗಳು ಧಾರಾಳವಾಗಿ ಸಿಕ್ಕವು, ಪೂರ್ಣಗೊಂಡವು ವಿರಳ, ಸರಿಯಾಗಿ ಕತ್ತರಿಸಿ ಜೋಡಿಸಿಕೊಂಡವು ಇನ್ನೂ ವಿರಳ. ಎಂದರೆ ಹೆಚ್ಚಿನ ತಡೆ ಇರುವುದು ಆರಂಭದ ನಂತರದ ಹಂತಗಳಲ್ಲಿ. ಆರಂಭವನ್ನಷ್ಟೇ ಹುರಿದುಂಬಿಸುವ ಔಷಧದಿಂದ ಎಷ್ಟು ನಿರೀಕ್ಷಿಸಬಹುದೆಂಬುದು ಇಲ್ಲೇ ಗೊತ್ತಾಗುತ್ತದೆ.

ಭಾರತದ ಮಟ್ಟಿಗೆ ಇಲ್ಲೊಂದು ವ್ಯತ್ಯಾಸವಿದೆ. ಅಮೆರಿಕ, ಯುರೋಪುಗಳಲ್ಲಿ ಹೆಚ್ಚಾಗಿರುವುದು ಎಚ್‌ಐವಿಯ ಬಿ ಉಪಪ್ರಕಾರ, ನಮ್ಮಲ್ಲಿ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಸಿ. ಬಿ ಉಪಪ್ರಕಾರದ ಎಲ್‌ಟಿಆರ್‌ನಲ್ಲಿ ಎನ್‌ಎಫ್-ಕಪ್ಪಾ-ಬಿ ಅಂಟುವ ತಾಣಗಳು ಸಾಮಾನ್ಯವಾಗಿ ಎರಡು, ಸಿ ಉಪಪ್ರಕಾರದಲ್ಲಿ ಮೂರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಅವರ ತಂಡ ಈ ವಿಷಯವನ್ನು ವರ್ಷಗಟ್ಟಲೆ ಬೆನ್ನುಹತ್ತಿದೆ. ನಾಲ್ಕು ತಾಣಗಳಿರುವ ತಳಿಗಳು ಭಾರತದಲ್ಲಿ ಹೆಚ್ಚುತ್ತಿವೆಯೆಂದೂ, ತಾಣಗಳು ಹೆಚ್ಚಿದಷ್ಟೂ ನಕಲಿನ ತೀವ್ರತೆ ಹೆಚ್ಚೆಂದೂ ಅವರು 2012ರಲ್ಲಿ ವರದಿ ಮಾಡಿದರು. ಸುಪ್ತಾವಸ್ಥೆಯ ಔಷಧಗಳನ್ನು ಈವರೆಗೆ ಬಹುಪಾಲು ಪರೀಕ್ಷಿಸಿರುವುದು ಬಿ ಉಪಪ್ರಕಾರದ ಮೇಲೆ. ಅದರ ಫಲಿತಾಂಶವನ್ನು ನಮ್ಮ ರೋಗಿಗಳಿಗೆ ಹಾಗೆಯೇ ಅನ್ವಯಿಸಲು ಅವಸರಪಡುವಂತಿಲ್ಲ.

ಎಬ್ಬಿಸಿ ಕೊಲ್ಲುವ ಲೆಕ್ಕಾಚಾರ

ಮೊದಲ ಉಪಾಯ ಕೇಳಲು ಸರಳ. ಔಷಧ ಕೊಟ್ಟು ಪ್ರೊವೈರಸ್ಸನ್ನು ಎಬ್ಬಿಸಬೇಕು. ಎದ್ದ ಕೋಶ ವೈರಸ್ ಉತ್ಪಾದಿಸುತ್ತಾ ತಾನೇ ಸಾಯುತ್ತದೆ, ಅಥವಾ ಸೋಂಕಿತ ಕೋಶಗಳನ್ನು ಕೊಲ್ಲುವ ಟಿ ಕೋಶಗಳ ಕಣ್ಣಿಗೆ ಬಿದ್ದು ಸಾಯುತ್ತದೆ. ಹೊರಬಂದ ವೈರಸ್ ಹೊಸ ಕೋಶಕ್ಕೆ ತಗಲದಂತೆ ಎಆರ್‌ಟಿ ಮಾತ್ರೆ ನೋಡಿಕೊಳ್ಳುತ್ತದೆ. ಈ ತಂತ್ರ 'ಶಾಕ್ ಅಂಡ್ ಕಿಲ್' ಎಂದೇ ಪ್ರಸಿದ್ಧ.

1990ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸ್‌ನಲ್ಲಿ ಎಲ್ಲ ಟಿ ಕೋಶಗಳನ್ನೂ ಒಟ್ಟಿಗೇ ಕೆರಳಿಸುವ ಪ್ರಯತ್ನ ನಡೆಯಿತು. ಟಿ ಕೋಶದ ಸಿಡಿ3 ಗ್ರಾಹಕಕ್ಕೆ ಅಂಟುವ ಪ್ರತಿಕಾಯ ಮತ್ತು ಟಿ ಕೋಶಗಳನ್ನು ಬೆಳೆಸುವ ಇಂಟರ್‌ಲ್ಯೂಕಿನ್-2 ಎಂಬ ಪ್ರೊಟೀನನ್ನು ಜೊತೆಯಾಗಿ ಕೊಟ್ಟರು. ದೇಹದ ಟಿ ಕೋಶಗಳೆಲ್ಲ ಒಮ್ಮೆಲೇ ಕೆರಳಿದರೆ ಆಗುವುದೇ ಆಯಿತು: ತೀವ್ರ ಜ್ವರ ಮುಂತಾದ ಅಡ್ಡಪರಿಣಾಮಗಳು, ಜೊತೆಗೆ ಸಿಡಿ4 ಕೋಶಗಳ ದೀರ್ಘಕಾಲದ ಕುಸಿತ. ಅಲ್ಲಿಂದ ಈಚೆಗೆ ಹುಡುಕಾಟವೆಲ್ಲ ಕೋಶವನ್ನು ಕೆರಳಿಸದೆ ವೈರಸ್ಸನ್ನು ಮಾತ್ರ ಎಬ್ಬಿಸುವ ಔಷಧಕ್ಕಾಗಿ.

ಎಚ್‌ಡ್ಯಾಕ್ ತಡೆಯುವ ಔಷಧಗಳು ಆಗಲೇ ಇದ್ದವು. ಅಪಸ್ಮಾರಕ್ಕೆ ಕೊಡುವ ವಾಲ್‌ಪ್ರೊಯಿಕ್ ಆಮ್ಲಕ್ಕೂ ಆ ಗುಣವಿದೆ. 2005ರಲ್ಲಿ ಅದನ್ನು ನಾಲ್ವರಿಗೆ ಕೊಟ್ಟಾಗ ಮೂವರಲ್ಲಿ ಸಂಗ್ರಹ ಸರಾಸರಿ ಶೇ 75ರಷ್ಟು ಇಳಿಯಿತೆಂದು ವರದಿಯಾಯಿತು. ದೊಡ್ಡ ಸುದ್ದಿಯಾಯಿತು. ಮುಂದಿನ ಅಧ್ಯಯನಗಳಲ್ಲಿ ಆ ಇಳಿಕೆ ಮತ್ತೆ ಕಾಣಲಿಲ್ಲ. ನಾಲ್ಕು ಜನರ ಮೇಲಿನ, ಹೋಲಿಕೆಗೆ ಬೇರೆ ಗುಂಪಿಲ್ಲದ ಪ್ರಯೋಗದಿಂದ ಇಷ್ಟು ದೊಡ್ಡ ತೀರ್ಮಾನ ತೆಗೆಯಬಾರದೆಂಬುದು ಆಗ ಗೊತ್ತಿಲ್ಲದ ಸಂಗತಿಯೇನೂ ಆಗಿರಲಿಲ್ಲ.

ನಂತರ ಬಂದದ್ದು ಎಚ್‌ಡ್ಯಾಕ್ ತಡೆಯುವ ಇನ್ನೊಂದು ಔಷಧ, ವೊರಿನೊಸ್ಟಾಟ್. ಚರ್ಮದ ಒಂದು ಬಗೆಯ ಟಿ ಕೋಶ ಲಿಂಫೋಮಾಗೆ ಅಮೆರಿಕದಲ್ಲಿ 2006ರಲ್ಲಿ ಅನುಮತಿ ಪಡೆದ ಔಷಧ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಡೇವಿಡ್ ಮಾರ್ಗೊಲಿಸ್ ತಂಡ ಎಂಟು ಜನರಿಗೆ ಒಂದೇ ಒಂದು 400 ಮಿಲಿಗ್ರಾಂ ಡೋಸ್ ಕೊಟ್ಟು, ವಿಶ್ರಾಂತ ಸಿಡಿ4 ಕೋಶಗಳೊಳಗಿನ ಎಚ್‌ಐವಿ ಆರ್‌ಎನ್‌ಎ ಸರಾಸರಿ 4.8 ಪಟ್ಟು ಏರಿದ್ದನ್ನು 2012ರಲ್ಲಿ ಪ್ರಕಟಿಸಿತು. ಸುಪ್ತ ವೈರಸ್ಸನ್ನು ಮನುಷ್ಯರಲ್ಲಿ ಔಷಧದಿಂದ ಕದಲಿಸಬಹುದೆಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಡೆನ್ಮಾರ್ಕಿನ ಸಂಶೋಧಕರು 15 ಜನರಿಗೆ ಅದೇ ಬಗೆಯ ಪ್ಯಾನೊಬಿನೊಸ್ಟಾಟ್ 20 ಮಿಲಿಗ್ರಾಂ, ವಾರದಲ್ಲಿ ಮೂರು ದಿನ, ವಾರ ಬಿಟ್ಟು ವಾರ, ಎಂಟು ವಾರಗಳ ಕಾಲ ಕೊಟ್ಟರು. 2015ರಲ್ಲಿ ಅವರೇ ಆರು ಜನರಿಗೆ ಎಚ್‌ಡ್ಯಾಕ್ ತಡೆಯುವ ಮತ್ತೊಂದು ಔಷಧ ರೊಮಿಡೆಪ್ಸಿನ್ ಅನ್ನು ದೇಹದ ಮೇಲ್ಮೈಯ ಚದರ ಮೀಟರಿಗೆ 5 ಮಿಲಿಗ್ರಾಂ ಲೆಕ್ಕದಲ್ಲಿ ವಾರಕ್ಕೊಮ್ಮೆಯಂತೆ ಮೂರು ಸಲ ಡ್ರಿಪ್ ಮೂಲಕ ಕೊಟ್ಟರು. ಇದು ಕ್ಯಾನ್ಸರಿಗೆ ಕೊಡುವ 14 ಮಿಲಿಗ್ರಾಂ ಪ್ರಮಾಣದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಆರರಲ್ಲಿ ಐವರ ರಕ್ತದಲ್ಲಿ, ಎಆರ್‌ಟಿ ತೆಗೆದುಕೊಳ್ಳುತ್ತಿದ್ದರೂ, ಎಣಿಸಬಹುದಾದಷ್ಟು ವೈರಸ್ ಕಾಣಿಸಿಕೊಂಡಿತು. ಎಬ್ಬಿಸುವ ಮಟ್ಟಿಗೆ ಆ ಕಾಲದ ಅತ್ಯುತ್ತಮ ಫಲಿತಾಂಶವಿದು.

ಆದರೆ ಮೂರರಲ್ಲಿ ಯಾವುದರಿಂದಲೂ ಸಂಗ್ರಹದ ಗಾತ್ರ ಕುಗ್ಗಲಿಲ್ಲ.

ಕಾರಣಗಳು ಒಂದೊಂದಾಗಿ ಹೊರಬಂದವು. ಎದ್ದ ಕೋಶ ತಾನಾಗಿ ಸಾಯುವುದಿಲ್ಲವೆಂದು 2012ರಲ್ಲೇ ಸಿಲಿಸಿಯಾನೊ ಪ್ರಯೋಗಾಲಯ ತೋರಿಸಿತ್ತು. ವೊರಿನೊಸ್ಟಾಟ್‌ನಿಂದ ಎಬ್ಬಿಸಿದ ಕೋಶಗಳನ್ನು ಅದೇ ರೋಗಿಯ ಕೊಲ್ಲುವ ಟಿ ಕೋಶಗಳ ಜೊತೆ ಇಟ್ಟರೂ, ಆ ಟಿ ಕೋಶಗಳಿಗೆ ಮೊದಲೇ ಎಚ್‌ಐವಿ ಪ್ರೊಟೀನಿನ ತುಣುಕು ತೋರಿಸಿ ಹುರಿಗೊಳಿಸದಿದ್ದರೆ ಅವು ಕೊಲ್ಲುತ್ತಿರಲಿಲ್ಲ. 2015ರಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಸೋಂಕು ಹಳೆಯದಾದ ಮೇಲೆ ಚಿಕಿತ್ಸೆ ಶುರುಮಾಡಿದವರ ಸಂಗ್ರಹದಲ್ಲಿರುವ ವೈರಸ್, ಆ ಟಿ ಕೋಶಗಳು ಗುರುತಿಸುವ ಮುಖ್ಯ ಜಾಗಗಳಲ್ಲಿ ಆಗಲೇ ರೂಪಾಂತರಗೊಂಡಿರುತ್ತದೆ. ಇದರ ಮೇಲೆ, ಪ್ಯಾನೊಬಿನೊಸ್ಟಾಟ್ ಮತ್ತು ರೊಮಿಡೆಪ್ಸಿನ್ ಕೊಲ್ಲುವ ಟಿ ಕೋಶಗಳ ಶಕ್ತಿಯನ್ನೇ ಕುಗ್ಗಿಸುತ್ತವೆಂದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಕಂಡಿತು. ಎಬ್ಬಿಸಲು ಕೊಟ್ಟ ಔಷಧವೇ ಕೊಲ್ಲುವವರ ಕೈ ಕಟ್ಟುತ್ತಿತ್ತು. ಡೋಸ್‌ಗಳ ನಡುವಿನ ಅಂತರವೂ ಮುಖ್ಯ: ವೊರಿನೊಸ್ಟಾಟ್ ಅನ್ನು ದಿನ ಬಿಡದೆ ಕೊಟ್ಟಾಗ ಆರ್‌ಎನ್‌ಎ ಏರಿಕೆ ಮಂಕಾಯಿತು, ನಡುವೆ 72 ಗಂಟೆ ಬಿಟ್ಟಾಗ ಮರಳಿ ಕಂಡಿತು.

ಲಸಿಕೆಯಿಂದ ಟಿ ಕೋಶಗಳನ್ನು ಸಿದ್ಧಮಾಡಿ ಆಮೇಲೆ ಎಬ್ಬಿಸಿದರೆ ಹೇಗೆ? ಬ್ರಿಟನ್ನಿನ ರಿವರ್ ಪ್ರಯೋಗ ಇದನ್ನೇ ಕೇಳಿತು. ಸೋಂಕು ತಗಲಿ ಹೆಚ್ಚು ಕಾಲವಾಗದ 60 ಪುರುಷರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಆರ್‌ಟಿ ಮಾತ್ರ, ಇನ್ನೊಂದಕ್ಕೆ ಎಆರ್‌ಟಿಯ ಜೊತೆ ಎರಡು ಹಂತದ ಲಸಿಕೆ ಹಾಗೂ ಮೂರು ದಿನಕ್ಕೊಮ್ಮೆಯಂತೆ ವೊರಿನೊಸ್ಟಾಟ್‌ನ ಹತ್ತು ಡೋಸ್ ಕೊಟ್ಟರು. ಲಸಿಕೆ ಕೆಲಸ ಮಾಡಿತು, ಟಿ ಕೋಶಗಳ ಪ್ರತಿಕ್ರಿಯೆ ಹೆಚ್ಚಿತು. ವೊರಿನೊಸ್ಟಾಟ್ ಕೂಡ ತನ್ನ ಪಾಲಿನ ಪರಿಣಾಮ ತೋರಿತು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಗುಂಪುಗಳ ಎಚ್‌ಐವಿ ಡಿಎನ್‌ಎ ಪ್ರಮಾಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ಈ ಕ್ಷೇತ್ರದಲ್ಲಿ ನಡೆದ ಅತ್ಯಂತ ಪ್ರಾಮಾಣಿಕ ಪ್ರಯೋಗಗಳಲ್ಲಿ ಇದೂ ಒಂದು. ಹೋಲಿಕೆಯ ಗುಂಪು ಇದ್ದದ್ದರಿಂದಲೇ ಉತ್ತರ ಇಷ್ಟು ಸ್ಪಷ್ಟವಾಗಿ ಸಿಕ್ಕಿತು.

4.8 ಪಟ್ಟು, ಆದರೆ ಯಾವುದರ?

ಆರ್‌ಎನ್‌ಎ ಏರಿದರೆ ವೈರಸ್ ಎದ್ದಿದೆ ಎಂದುಕೊಳ್ಳುವುದು ಸಹಜ, ಆದರೆ ಪೂರ್ತಿ ಸರಿಯಲ್ಲ. ಎಚ್‌ಐವಿ ಸೇರಿಕೊಳ್ಳುವುದು ಹೆಚ್ಚಾಗಿ ಚುರುಕಾಗಿರುವ ಮಾನವ ಜೀನುಗಳ ನಡುವೆ. ಎಚ್‌ಡ್ಯಾಕ್ ತಡೆದಾಗ ಆ ಮಾನವ ಜೀನುಗಳ ನಕಲೂ ಏರುತ್ತದೆ. ಜೀನಿನ ನಡುವಿರುವ ಪ್ರೊವೈರಸ್ ಅದರ ಜೊತೆಗೇ ನಕಲಾಗಿಬಿಡುತ್ತದೆ. ಪರೀಕ್ಷೆಗೆ ಅದೂ ಎಚ್‌ಐವಿ ಆರ್‌ಎನ್‌ಎಯೇ, ಆದರೆ ಅದರಿಂದ ವೈರಸ್ ಹುಟ್ಟುವುದಿಲ್ಲ. ಎರಡನೆಯ ಮೋಸ ಹಾಳಾದ ಪ್ರೊವೈರಸ್‌ಗಳದು. ದೇಹದಲ್ಲಿರುವ ಪ್ರೊವೈರಸ್‌ಗಳಲ್ಲಿ ಶೇ 90ಕ್ಕೂ ಹೆಚ್ಚು ನಿಷ್ಪ್ರಯೋಜಕ: ಕೆಲವಕ್ಕೆ ದೊಡ್ಡ ಭಾಗಗಳೇ ಇಲ್ಲ, ಕೆಲವನ್ನು ನಮ್ಮದೇ ಕೋಶದ ಅಪೊಬೆಕ್ ಎಂಬ ಕಿಣ್ವ ರೂಪಾಂತರಗಳಿಂದ ಕೆಡಿಸಿರುತ್ತದೆ. ಒಟ್ಟು ಎಚ್‌ಐವಿ ಡಿಎನ್‌ಎ ಅಳೆದರೆ ಹೆಚ್ಚಾಗಿ ಅಳೆಯುವುದು ಈ ಕಸವನ್ನೇ. ಕೆಲಸಕ್ಕೆ ಬರುವ ಶೇ 10ರೊಳಗಿನ ಪಾಲು ಅರ್ಧಕ್ಕಿಳಿದರೂ ಒಟ್ಟು ಲೆಕ್ಕದಲ್ಲಿ ಅದು ಕಾಣದೆ ಹೋಗಬಹುದು.

ಹಳೆಯ ಮಾನದಂಡ ವೈರಸ್ ಬೆಳೆಸಿ ನೋಡುವ ಪರೀಕ್ಷೆ. ಸುಮಾರು 180ರಿಂದ 200 ಮಿ.ಲೀ. ರಕ್ತ ಬೇಕು. ಅದರಿಂದ ವಿಶ್ರಾಂತ ಸಿಡಿ4 ಕೋಶಗಳನ್ನು ಮಾತ್ರ ಬೇರ್ಪಡಿಸಿ, ಐದೈದು ಪಟ್ಟು ತೆಳುಮಾಡುತ್ತಾ ಪ್ರಯೋಗದ ತಟ್ಟೆಯ ಬೇರೆ ಬೇರೆ ಗುಳಿಗಳಲ್ಲಿ ಹಾಕುತ್ತಾರೆ. ಪಿಎಚ್‌ಎ ಎಂಬ ಸಸ್ಯಮೂಲದ ಪ್ರೊಟೀನ್ ಮತ್ತು ವಿಕಿರಣ ಕೊಟ್ಟು ವಿಭಜನೆ ನಿಲ್ಲಿಸಿದ ಬೇರೊಬ್ಬರ ರಕ್ತಕೋಶ ಸೇರಿಸಿ ಅವನ್ನು ಕೆರಳಿಸುತ್ತಾರೆ. ಹೊರಬಂದ ವೈರಸ್ ಬೆಳೆಯಲೆಂದು ಸೋಂಕಿಲ್ಲದ ಕೋಶಗಳನ್ನೂ ಸೇರಿಸುತ್ತಾರೆ. 14ರಿಂದ 21 ದಿನಗಳ ನಂತರ ಯಾವ ಗುಳಿಯಲ್ಲಿ ವೈರಸ್ಸಿನ ಪಿ24 ಪ್ರೊಟೀನ್ ಇದೆಯೆಂದು ಎಲೈಸಾ ಪರೀಕ್ಷೆಯಲ್ಲಿ ನೋಡಿ, ಎಷ್ಟು ತೆಳುಮಾಡಿದಾಗ ಅದು ಕಾಣೆಯಾಯಿತೆಂಬುದರಿಂದ ಲೆಕ್ಕ ಹಾಕುತ್ತಾರೆ. ಇಲ್ಲಿ ಸಿಕ್ಕದ್ದು ಖಂಡಿತ ಜೀವಂತ ವೈರಸ್. ಸಿಗದಿದ್ದದ್ದರ ಬಗ್ಗೆ ಮಾತ್ರ ಭರವಸೆಯಿಲ್ಲ. ಒಮ್ಮೆ ಕೆರಳಿಸಿದಾಗ ಏಳದ ಪ್ರೊವೈರಸ್ ಅದೇ ಕೋಶವನ್ನು ಎರಡನೇ ಸಲ ಕೆರಳಿಸಿದಾಗ ಎದ್ದದ್ದುಂಟು. ಹೀಗೆ ಬೆಳೆಸಿದಾಗ ಏಳದೆ ಉಳಿದ, ಆದರೆ ರಚನೆಯಲ್ಲಿ ಪೂರ್ಣವಾಗಿರುವ ಪ್ರೊವೈರಸ್‌ಗಳನ್ನೂ ಲೆಕ್ಕಕ್ಕೆ ಸೇರಿಸಿದರೆ ಸಂಗ್ರಹ ಈ ಪರೀಕ್ಷೆ ಹೇಳುವುದಕ್ಕಿಂತ 60 ಪಟ್ಟಿನವರೆಗೂ ದೊಡ್ಡದಿರಬಹುದೆಂದು 2013ರ ಒಂದು ಅಧ್ಯಯನ ಅಂದಾಜಿಸಿತು.

ಪೂರ್ಣ ಪ್ರೊವೈರಸ್‌ಗಳನ್ನು ಎಣಿಸಲೆಂದು 2019ರಲ್ಲಿ ಬಂದ ಐಪಿಡಿಎ ಪರೀಕ್ಷೆ ಬೇರೆ ದಾರಿ ಹಿಡಿಯಿತು. ಡಿಎನ್‌ಎ ಮಾದರಿಯನ್ನು ಸುಮಾರು 20,000 ಸೂಕ್ಷ್ಮ ಹನಿಗಳಾಗಿ ಒಡೆದು, ಪ್ರತಿ ಹನಿಯಲ್ಲೂ ಪ್ರೊವೈರಸ್ಸಿನ ಎರಡು ದೂರದ ಭಾಗಗಳಿಗೆ ಪಿಸಿಆರ್ ಮಾಡುತ್ತದೆ. ಮುಂಭಾಗದಲ್ಲಿರುವ ಪ್ಯಾಕೇಜಿಂಗ್ ಸಂಕೇತ ಒಂದು, ಹಿಂಭಾಗದ ಎನ್ವ್ ಜೀನಿನ ತುಣುಕು ಇನ್ನೊಂದು. ಎರಡೂ ಹೊಳೆದ ಹನಿಯಲ್ಲಿ ಪೂರ್ಣ ಪ್ರೊವೈರಸ್ ಇರುವ ಸಾಧ್ಯತೆ ಹೆಚ್ಚು. ಡಿಎನ್‌ಎ ಹೊರತೆಗೆಯುವಾಗ ಎಳೆ ತುಂಡಾದರೆ ಪೂರ್ಣವಾದದ್ದೂ ಅರೆಬರೆಯಂತೆ ಕಾಣುತ್ತದೆ. ಹಾಗಾಗಿ ಆರ್‌ಪಿಪಿ30 ಎಂಬ ಮಾನವ ಜೀನಿನ ಎರಡು ಜಾಗಗಳನ್ನು ಸಮಾನಾಂತರವಾಗಿ ಅಳೆದು, ಎಷ್ಟು ತುಂಡಾಗಿದೆಯೆಂದು ಕಳೆಯಬೇಕು. ಈ ತಿದ್ದುಪಡಿಯ ವಿವರ ಇಲ್ಲದ ಐಪಿಡಿಎ ಫಲಿತಾಂಶವನ್ನು ನಂಬುವುದು ಕಷ್ಟ. ಇನ್ನೊಂದು ಮಿತಿ ನಮಗೆ ನೇರವಾಗಿ ತಟ್ಟುತ್ತದೆ: ಪಿಸಿಆರ್‌ನಲ್ಲಿ ಗುರಿಯನ್ನು ಗುರುತಿಸಿ ಅಂಟುವ ಸಣ್ಣ ಡಿಎನ್‌ಎ ತುಣುಕುಗಳನ್ನು, ಎಂದರೆ ಮೂಲ ಪ್ರೈಮರ್‌ಗಳನ್ನು, ಬಿ ಉಪಪ್ರಕಾರಕ್ಕೆಂದು ರೂಪಿಸಲಾಗಿತ್ತು. ಅವೇ ಪ್ರೈಮರ್‌ಗಳನ್ನು ಸಿ ಉಪಪ್ರಕಾರಕ್ಕೆ ಬಳಸಿದರೆ ಇದ್ದ ವೈರಸ್ ಇಲ್ಲವೆಂದು ಕಾಣುವ ಅಪಾಯವಿದೆ, ಅದಕ್ಕೆ ಬೇರೆಯೇ ಪ್ರೈಮರ್ ಬೇಕು.

ಔಷಧ ಹುಡುಕುವ ಮೊದಲ ಹಂತದಲ್ಲೂ ಇಂಥದೇ ಒಂದು ಬಲೆ. ಸಾವಿರಾರು ರಾಸಾಯನಿಕಗಳನ್ನು ಜೆ-ಲ್ಯಾಟ್‌ನಂಥ ಕೋಶಸಾಲುಗಳ ಮೇಲೆ ಸುರಿದು, ಹಸಿರು ಹೊಳಪು ಬಂದರೆ ವೈರಸ್ ಎದ್ದಿತೆಂದು ಗುರುತಿಸುವುದು ರೂಢಿ. ಇವು ಲ್ಯುಕೀಮಿಯಾ ಮೂಲದ, ಸದಾ ವಿಭಜನೆಯಾಗುವ ಕೋಶಗಳು. ಪ್ರತಿ ಸಾಲಿನಲ್ಲೂ ಪ್ರೊವೈರಸ್ ಒಂದೇ ಜಾಗದಲ್ಲಿರುತ್ತದೆ. ಹೀಗೆ ಆರಿಸಿದ ಔಷಧಗಳನ್ನು 2014ರಲ್ಲಿ ರೋಗಿಗಳ ನಿಜವಾದ ವಿಶ್ರಾಂತ ಕೋಶಗಳ ಮೇಲೆ ಒಂದೊಂದಾಗಿ ಪರೀಕ್ಷಿಸಿದಾಗ ಯಾವುದೂ ವೈರಸ್ಸನ್ನು ಹೊರತರಲಿಲ್ಲ. ಬ್ರಯೊಸ್ಟಾಟಿನ್ ಮಾತ್ರ ಆರ್‌ಎನ್‌ಎಯನ್ನು ಗಮನಾರ್ಹವಾಗಿ ಏರಿಸಿತು. ಸಮುದ್ರದ ಒಂದು ಸಣ್ಣ ಜೀವಿಯಿಂದ ಬರುವ ಆ ವಸ್ತುವನ್ನು ಸ್ಪೇನಿನಲ್ಲಿ ಮನುಷ್ಯರಿಗೆ, ಸುರಕ್ಷತೆಯ ಕಾರಣಕ್ಕೆ ಚದರ ಮೀಟರಿಗೆ 10 ಅಥವಾ 20 ಮೈಕ್ರೊಗ್ರಾಂ ಮಾತ್ರ ಕೊಟ್ಟಾಗ ಪರಿಣಾಮ ಕಾಣಲಿಲ್ಲ.

ಕೊಲ್ಲುವ ಕಡೆಗೆ ಹೊರಳಿದ ಗಮನ

ಈಚಿನ ಕೆಲಸದಲ್ಲಿ ನನಗೆ ಅತ್ಯಂತ ಕುತೂಹಲಕರ ಅನ್ನಿಸುವುದು ವೈರಸ್ಸಿನ ಸ್ವಂತ ಕಿಣ್ವದಿಂದಲೇ ಕೋಶವನ್ನು ಕೊಲ್ಲಿಸುವ ದಾರಿ. ಎಚ್‌ಐವಿಯ ಪ್ರೊಟಿಯೇಸ್ ಕಿಣ್ವ ಕೋಶದೊಳಗೆ ನಿಷ್ಕ್ರಿಯವಾಗಿದ್ದು, ವೈರಸ್ ಕಣ ಹೊರಬಂದ ಮೇಲಷ್ಟೇ ಚುರುಕಾಗುತ್ತದೆ. ಅದು ಅವಧಿಗೆ ಮುನ್ನ ಕೋಶದೊಳಗೇ ಚುರುಕಾದರೆ ಕಾರ್ಡ್8 ಎಂಬ ಮಾನವ ಪ್ರೊಟೀನನ್ನು ಕತ್ತರಿಸುತ್ತದೆ. ಕತ್ತರಿಸಿದ ಕಾರ್ಡ್8 ಅಪಾಯದ ಸಂಕೇತವಾಗಿ ಕೆಲಸ ಮಾಡಿ ಕೋಶವನ್ನು ಸಾಯಿಸುತ್ತದೆ. ಪ್ರೊಟಿಯೇಸನ್ನು ಬೇಗ ಚುರುಕುಗೊಳಿಸಲು ಎಫಾವಿರೆಂಜ್, ರಿಲ್ಪಿವಿರಿನ್‌ನಂಥ ಹಳೆಯ ಎಚ್‌ಐವಿ ಔಷಧಗಳಿಂದಲೇ ಆಗುತ್ತದೆಂದು 2021ರಲ್ಲಿ ಅಮೆರಿಕದ ಲಿಯಾಂಗ್ ಶಾನ್ ತಂಡ ತೋರಿಸಿತು. ಅವು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇರುವ ಉದ್ದ ಪ್ರೊಟೀನುಗಳನ್ನು ಜೋಡಿಯಾಗಿ ಅಂಟಿಸುತ್ತವೆ, ಅದೇ ಪ್ರೊಟೀನಿನ ಭಾಗವಾದ ಪ್ರೊಟಿಯೇಸೂ ಜೋಡಿಯಾಗಿ ಚುರುಕಾಗುತ್ತದೆ.

ಹಾಗಾದರೆ ವರ್ಷಗಟ್ಟಲೆ ಎಫಾವಿರೆಂಜ್ ನುಂಗಿದವರು ಗುಣವಾಗಬೇಕಿತ್ತಲ್ಲ? ಆಗದಿರಲು ಕಾರಣಗಳಿವೆ. ಕೋಶ ಎದ್ದು ಆ ಉದ್ದ ಪ್ರೊಟೀನನ್ನು ತಯಾರಿಸುತ್ತಿದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ, ಮಲಗಿದ ಕೋಶದಲ್ಲಿ ಪ್ರೊಟಿಯೇಸೇ ಇರುವುದಿಲ್ಲ. ರಕ್ತದ ಪ್ರೊಟೀನುಗಳಿಗೆ ಔಷಧ ಅಂಟಿಕೊಳ್ಳುವುದರಿಂದ ಕೋಶ ಕೊಲ್ಲಲು ಬೇಕಾದಷ್ಟು ಸಾಂದ್ರತೆ ಒಳಗೆ ಸಿಗುವುದಿಲ್ಲ. ಆ ಔಷಧಕ್ಕೆ ಪ್ರತಿರೋಧ ಬೆಳೆಸಿಕೊಂಡ ವೈರಸ್ ಇದಕ್ಕೂ ಬಗ್ಗುವುದಿಲ್ಲ. ಎಫಾವಿರೆಂಜ್ ಮತ್ತು ಅದೇ ಗುಂಪಿನ ನೆವಿರಪಿನ್ ಅನ್ನು ವರ್ಷಗಟ್ಟಲೆ ಬಳಸಿದ ಭಾರತದಲ್ಲಿ ಈ ಕೊನೆಯ ಅಂಶವನ್ನು ಮರೆಯುವಂತಿಲ್ಲ. ಇದೇ ಕೆಲಸಕ್ಕೆಂದು ಹೆಚ್ಚು ಪ್ರಬಲ ಅಣುಗಳನ್ನು ಮರ್ಕ್ ಸಂಸ್ಥೆಯ ವಿಜ್ಞಾನಿಗಳು ರೂಪಿಸಿ 2023ರಲ್ಲಿ ಪ್ರಕಟಿಸಿದ್ದಾರೆ. ಕಾರ್ಡ್8 ಅನ್ನು ಸುಮ್ಮನಿರಿಸುವ ಡಿಪಿಪಿ9 ಎಂಬ ಪ್ರೊಟೀನನ್ನು ತಡೆದರೆ ಕೊಲ್ಲುವಿಕೆ ಇನ್ನೂ ಹೆಚ್ಚುತ್ತದೆಂಬುದೂ ಪ್ರಯೋಗಾಲಯದಲ್ಲಿ ಕಂಡಿದೆ.

ಮತ್ತೊಂದು ಬಗೆ ಕೋಶದ ಬದುಕುಳಿಯುವ ಹಟವನ್ನೇ ಮುರಿಯುವುದು. ಬಿಸಿಎಲ್-2 ಎಂಬ ಪ್ರೊಟೀನ್ ಕೋಶ ತಾನೇ ಸಾಯುವುದನ್ನು ತಡೆಯುತ್ತದೆ. ಅದನ್ನು ಅಡಗಿಸುವ ವೆನೆಟೊಕ್ಲ್ಯಾಕ್ಸ್ ರಕ್ತದ ಕ್ಯಾನ್ಸರಿಗೆ 2016ರಿಂದ ಬಳಕೆಯಲ್ಲಿದೆ. ಮೆಲ್ಬರ್ನಿನ ಸಂಶೋಧಕರು ಮಾನವ ರೋಗನಿರೋಧಕ ಕೋಶಗಳನ್ನು ಹೊಂದಿದ ಇಲಿಗಳಿಗೆ ಎಆರ್‌ಟಿ ಜೊತೆ ಇದನ್ನು ಕೊಟ್ಟು, ಎಆರ್‌ಟಿ ನಿಲ್ಲಿಸಿದ ಮೇಲೆ ವೈರಸ್ ಮರಳುವುದು ಎರಡು ವಾರಗಳವರೆಗೆ ತಡವಾದದ್ದನ್ನು 2023ರಲ್ಲಿ ವರದಿ ಮಾಡಿದರು. ಎಬ್ಬಿಸುವ ಔಷಧ ಇದರಲ್ಲಿ ಇರಲೇ ಇಲ್ಲವೆಂಬುದು ಗಮನಿಸಬೇಕಾದದ್ದು. ಆದರೆ ಸೋಂಕಿಲ್ಲದ ಲಿಂಫೊಸೈಟ್‌ಗಳೂ ಬಿಸಿಎಲ್-2 ನಂಬಿಯೇ ಬದುಕುತ್ತವೆ, ಬಿಳಿ ರಕ್ತಕಣ ಕುಸಿಯುವುದು ಈ ಔಷಧದ ಗೊತ್ತಿರುವ ತೊಂದರೆ. ದಿನಕ್ಕೊಂದು ಮಾತ್ರೆ ನುಂಗಿ ಆರೋಗ್ಯವಾಗಿರುವ ವ್ಯಕ್ತಿಗೆ ಎಷ್ಟು ಅಪಾಯ ಒಡ್ಡಬಹುದೆಂಬ ಪ್ರಶ್ನೆ ಇಲ್ಲಿ ಕ್ಯಾನ್ಸರ್ ಚಿಕಿತ್ಸೆಗಿಂತ ಬಹಳ ಕಟ್ಟುನಿಟ್ಟಾದದ್ದು.

ಎಬ್ಬಿಸುವ ಕಡೆಯೂ ಕೆಲಸ ನಿಂತಿಲ್ಲ. 2020ರಲ್ಲಿ ಎಝಡ್‌ಡಿ5582 ಎಂಬ ಅಣು ಎನ್‌ಎಫ್-ಕಪ್ಪಾ-ಬಿಯ ಬೇರೊಂದು, ನಿಧಾನದ ಮಾರ್ಗವನ್ನು ತೆರೆದು, ಕೋಶವನ್ನು ಹೆಚ್ಚು ಕೆರಳಿಸದೆಯೇ ಕೋತಿಗಳ ರಕ್ತದಲ್ಲಿ ವೈರಸ್ ಕಾಣಿಸುವಂತೆ ಮಾಡಿತು. 2025ರಲ್ಲಿ ಮೆಲ್ಬರ್ನಿನ ಡೋಹರ್ಟಿ ಸಂಸ್ಥೆಯಿಂದ ಬಂದ ಫಲಿತಾಂಶ ಇನ್ನೂ ನೇರ: ಟ್ಯಾಟ್ ಪ್ರೊಟೀನ್ ತಯಾರಿಸುವ ಸೂಚನೆಯಾದ ಎಂಆರ್‌ಎನ್‌ಎಯನ್ನೇ ಕೊಬ್ಬಿನ ನ್ಯಾನೊಕಣದಲ್ಲಿ ತುಂಬಿ ಕೋಶದೊಳಗೆ ಕಳಿಸಿದರು. ಕೋವಿಡ್ ಲಸಿಕೆಯ ಮಾದರಿಯ ಕಣಗಳನ್ನು ವಿಶ್ರಾಂತ ಟಿ ಕೋಶ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೊಬ್ಬಿನ ಮಿಶ್ರಣ ಬದಲಿಸಿದ ಹೊಸ ಕಣ ಒಳಹೊಕ್ಕಿತು, ಎಆರ್‌ಟಿಯಲ್ಲಿರುವವರಿಂದ ತೆಗೆದ ಕೋಶಗಳಲ್ಲಿ ವೈರಸ್ ಎದ್ದಿತು. ಟ್ಯಾಟ್ ನೇರವಾಗಿ ಮೂರನೆಯ ಬೀಗವನ್ನೇ ತೆರೆಯುವುದರಿಂದ ಹಳೆಯ ಔಷಧಗಳ ಮುಖ್ಯ ಕೊರತೆ ಇಲ್ಲಿಲ್ಲ. ಇದು ನಡೆದಿರುವುದು ದೇಹದ ಹೊರಗೆ, ತಟ್ಟೆಯಲ್ಲಿ. ರಕ್ತನಾಳಕ್ಕೆ ಕೊಟ್ಟ ನ್ಯಾನೊಕಣ ಬಹುಪಾಲು ಯಕೃತ್ತಿಗೆ ಹೋಗುತ್ತದೆ, ಸುಪ್ತ ಕೋಶಗಳಲ್ಲಿ ಹೆಚ್ಚಿನವು ದುಗ್ಧಗ್ರಂಥಿಗಳಲ್ಲಿ ಮತ್ತು ಕರುಳಿನಲ್ಲಿವೆ. ಅಲ್ಲಿಗೆ ಮುಟ್ಟಿಸುವುದು ಮುಂದಿನ ಕೆಲಸ.

ಎಬ್ಬಿಸದೆ ಬಿಡುವುದು

ಎಬ್ಬಿಸುವ ಬದಲು ಏಳದಂತೆ ಶಾಶ್ವತವಾಗಿ ಬೀಗ ಹಾಕುವ ತಂತ್ರವೂ ಇದೆ. ಸಮುದ್ರದ ಸ್ಪಂಜಿನ ಒಂದು ರಾಸಾಯನಿಕವನ್ನು ಅನುಸರಿಸಿ ತಯಾರಿಸಿದ ಡೈಡಿಹೈಡ್ರೊ-ಕಾರ್ಟಿಸ್ಟಾಟಿನ್ ಎ ಟ್ಯಾಟ್ ಪ್ರೊಟೀನನ್ನು ಹಿಡಿದಿಡುತ್ತದೆ. ಫ್ಲಾರಿಡಾದ ಸುಸಾನಾ ವಾಲೆಂಟೆ ತಂಡ 2017ರಲ್ಲಿ ಇಲಿಗಳಲ್ಲಿ ಇದರಿಂದ ವೈರಸ್ ಮರಳುವುದನ್ನು 19 ದಿನಗಳವರೆಗೆ ತಡಮಾಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮಿತ್ ಸಿಂಗ್ ತಂಡ 2021ರಲ್ಲಿ ಹೈಡ್ರೊಜನ್ ಸಲ್ಫೈಡ್ ಕುರಿತು ಪ್ರಕಟಿಸಿದ ಕೆಲಸವೂ ಇದೇ ಸಾಲಿನದು. ಕೊಳೆತ ಮೊಟ್ಟೆಯ ವಾಸನೆಯ ಆ ಅನಿಲವನ್ನು ನಮ್ಮ ಕೋಶಗಳೂ ಅತ್ಯಲ್ಪ ಪ್ರಮಾಣದಲ್ಲಿ ತಯಾರಿಸುತ್ತವೆ. ಅದನ್ನು ನಿಧಾನವಾಗಿ ಬಿಡುವ ಜಿವೈವೈ4137 ಎಂಬ ವಸ್ತು, ಎಆರ್‌ಟಿಯಲ್ಲಿರುವವರಿಂದ ತೆಗೆದ ಕೋಶಗಳಲ್ಲಿ ವೈರಸ್ ಮರಳುವುದನ್ನು ತಗ್ಗಿಸಿತು. ಎನ್‌ಎಫ್-ಕಪ್ಪಾ-ಬಿ ತಣ್ಣಗಾಗುವುದು, ಮೈಟೊಕಾಂಡ್ರಿಯಾದ ಆರೋಗ್ಯ ಉಳಿಯುವುದು ಅದರ ದಾರಿಗಳು.

ಈ ಬೀಗ ಪ್ರಕೃತಿಯಲ್ಲೂ ಕಾಣುತ್ತದೆ. ಮಾತ್ರೆಯಿಲ್ಲದೆ ವೈರಸ್ಸನ್ನು ಹಿಡಿತದಲ್ಲಿಟ್ಟುಕೊಂಡಿರುವ ವಿರಳ ವ್ಯಕ್ತಿಗಳಲ್ಲಿ 64 ಜನರ ಕೋಶಗಳನ್ನು 2020ರಲ್ಲಿ ಅಭ್ಯಸಿಸಿದಾಗ, ಅವರ ಪೂರ್ಣ ಪ್ರೊವೈರಸ್‌ಗಳು ಹೆಚ್ಚಾಗಿ ವರ್ಣತಂತುವಿನ ಜೀನುಗಳಿಲ್ಲದ, ಬಿಗಿಯಾಗಿ ಸುತ್ತಿದ ಪ್ರದೇಶಗಳಲ್ಲಿ ಸಿಕ್ಕವು. ಅಲ್ಲಿಂದ ಅವು ಏಳುವುದು ಕಷ್ಟ. ಔಷಧದಿಂದ ಅಷ್ಟೇ ಬಿಗಿ ತರಲು, ಔಷಧ ನಿಲ್ಲಿಸಿದ ಮೇಲೂ ಅದನ್ನು ಉಳಿಸಲು ಸಾಧ್ಯವೇ ಎಂಬುದು ಈ ತಂತ್ರದ ಮುಂದಿರುವ ನಿಜವಾದ ಪರೀಕ್ಷೆ.

ಎಆರ್‌ಟಿ ನಿಲ್ಲಿಸಿ ನೋಡುವುದು

ಯಾವುದೇ ಔಷಧ ಕೊನೆಗೆ ಉತ್ತರಿಸಬೇಕಾದ ಪ್ರಶ್ನೆ ಒಂದೇ: ಎಆರ್‌ಟಿ ನಿಲ್ಲಿಸಿದರೆ ವೈರಸ್ ಮರಳುತ್ತದೆಯೇ? ಇದನ್ನು ಪ್ರಯೋಗದ ಒಳಗೆ, ವೈದ್ಯರ ನಿಗಾದಲ್ಲಿ ಮಾತ್ರ ನೋಡುತ್ತಾರೆ. ಮೊದಲ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಪರೀಕ್ಷೆ, ನಿಗದಿತ ಮಿತಿ ದಾಟಿದರೆ ಅಥವಾ ಸಿಡಿ4 ಕುಸಿದರೆ ಕೂಡಲೇ ಮಾತ್ರೆ ಮತ್ತೆ ಶುರು. ಸಂಗಾತಿಗೆ ಸೋಂಕು ತಗಲದಂತೆ ಮುನ್ನೆಚ್ಚರಿಕೆಯೂ ಕಡ್ಡಾಯ, ಏಕೆಂದರೆ ವೈರಸ್ ಮರಳಿದ ಕ್ಷಣ ಯಾರಿಗೂ ತಿಳಿಯುವುದಿಲ್ಲ. ತಾನಾಗಿ ಮಾತ್ರೆ ಬಿಟ್ಟು ನೋಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಸಿಡಿ4 ಎಣಿಕೆ ನೋಡಿಕೊಂಡು ಎಆರ್‌ಟಿ ನಿಲ್ಲಿಸುತ್ತಾ ಶುರುಮಾಡುತ್ತಾ ಹೋದರೆ ಸಾವು ಮತ್ತು ಗಂಭೀರ ಕಾಯಿಲೆ ಹೆಚ್ಚುತ್ತವೆಂದು 5,472 ಜನರ ಸ್ಮಾರ್ಟ್ ಅಧ್ಯಯನ 2006ರಲ್ಲೇ ತೋರಿಸಿದೆ.

ಎಷ್ಟು ಕಾಲ ಕಾಯಬೇಕೆಂಬುದು ಕಷ್ಟದ ಲೆಕ್ಕ. ಅಸ್ಥಿಮಜ್ಜೆ ಕಸಿಯಾದ ಬಾಸ್ಟನ್ನಿನ ಇಬ್ಬರು ರೋಗಿಗಳ ರಕ್ತದಲ್ಲಿ ಎಚ್‌ಐವಿ ಡಿಎನ್‌ಎ ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಒಬ್ಬರಲ್ಲಿ 12 ವಾರಕ್ಕೆ, ಇನ್ನೊಬ್ಬರಲ್ಲಿ 32 ವಾರಕ್ಕೆ ವೈರಸ್ ಮರಳಿತು. ಹುಟ್ಟಿದ ಕೂಡಲೇ ಚಿಕಿತ್ಸೆ ಪಡೆದ ಮಿಸಿಸಿಪ್ಪಿಯ ಮಗುವಿನಲ್ಲಿ ಮಾತ್ರೆಯಿಲ್ಲದೆ 27 ತಿಂಗಳು ಕಳೆದ ಮೇಲೆ ಮರಳಿತು. ಹೆಚ್ಚಿನವರು ಒಂದು ವರ್ಷ ಮಾತ್ರೆಯಿಲ್ಲದೆ ಇರಬೇಕಾದರೆ ಸಂಗ್ರಹ ಸುಮಾರು 2,000 ಪಟ್ಟು ಕುಗ್ಗಬೇಕೆಂದು 2014ರ ಒಂದು ಗಣಿತ ಮಾದರಿ ಅಂದಾಜಿಸಿತು, ಜೀವನಪೂರ್ತಿಗಾದರೆ 10,000 ಪಟ್ಟಿಗೂ ಹೆಚ್ಚು. ಈವರೆಗಿನ ಎಬ್ಬಿಸುವ ಔಷಧಗಳಲ್ಲಿ ಮನುಷ್ಯರ ಸಂಗ್ರಹವನ್ನು ಖಚಿತವಾಗಿ ಎರಡು ಪಟ್ಟು ಕುಗ್ಗಿಸಿ ತೋರಿಸಿದ್ದು ಯಾವುದೂ ಇಲ್ಲ. ಅಷ್ಟು ಸಣ್ಣ ಇಳಿಕೆಯನ್ನು ಬೆಳೆಸಿ ನೋಡುವ ಪರೀಕ್ಷೆಯಿಂದ ನಂಬುವಂತೆ ಅಳೆಯುವುದೂ ಸುಲಭವಲ್ಲ, ಏಕೆಂದರೆ ಒಬ್ಬರ ರಕ್ತವನ್ನೇ ಎರಡು ಸಲ ತೆಗೆದು ಪರೀಕ್ಷಿಸಿದಾಗಲೂ ಎಣಿಕೆ ಸಾಕಷ್ಟು ಏರಿಳಿಯುತ್ತದೆ.